ಎಡಗೈ ತೋರಿದ ದಾರಿ: ಜೋನಿ ಮಿಚೆಲ್ ಮತ್ತು ಜಾಝ್

ಪೋಲಿಯೊ ತಗುಲಿದಾಗ ಹಾಡುಗಾರ್ತಿ ಜೋನಿ ಮಿಚೆಲ್ ಅವರಿಗೆ ಒಂಬತ್ತು ವರ್ಷ. ಕೆನಡಾದ ಬಯಲುಸೀಮೆಯ ಆ ಹುಡುಗಿ ಎದ್ದು ಓಡಾಡುವಂತಾದರೂ ಎಡಗೈಗೆ ಮೊದಲಿನ ಕಸುವು ಮರಳಲಿಲ್ಲ. ಮುಂದೆ ಗಿಟಾರ್ ಹಿಡಿದಾಗ ಕಷ್ಟದ ಕಾರ್ಡ್‌ಗಳಿಗೆ ಬೆರಳು ಬಗ್ಗಲಿಲ್ಲ. ತಂತಿಗಳ ಶ್ರುತಿಯನ್ನೇ ಬದಲಿಸಿಕೊಂಡರು. ಒಂದೆರಡು ಬೆರಳು ಊರಿದರೆ ಸಾಕು, ಉಳಿದದ್ದನ್ನು ಬಿಟ್ಟ ತಂತಿಗಳೇ ನುಡಿಯುತ್ತವೆ. ಹೀಗೆ ಐವತ್ತಕ್ಕೂ ಹೆಚ್ಚು ಬಗೆಯ ಶ್ರುತಿಗಳು ಅವರಿಗೆ ಕೈವಶವಾದವು. ಎಪ್ಪತ್ತರ ದಶಕದಲ್ಲಿ ಅವರು ಜಾಝ್ ಕಡೆ ಹೊರಳಿದರು ಎನ್ನುವುದು ವಾಡಿಕೆ. ಆ ಹೊರಳಿನ ಬೀಜ ಈ ಶ್ರುತಿಗಳಲ್ಲೇ ಇತ್ತು.

1968ರ ‘ಸಾಂಗ್ ಟು ಅ ಸೀಗಲ್’ನಿಂದ 1971ರ ‘ಬ್ಲೂ’ವರೆಗಿನದು ಫೋಕ್ ಘಟ್ಟ. ಒಂದು ಕಂಠ, ಜೊತೆಗೆ ಗಿಟಾರ್, ಪಿಯಾನೊ ಅಥವಾ ಡಲ್ಸಿಮರ್. ತನ್ನ ಒಳಗನ್ನು ಇಷ್ಟು ಬಿಚ್ಚಿಟ್ಟ ‘ಬ್ಲೂ’ ಇಂದಿಗೂ ಹಾಡುಗಾರರಿಗೆ ಅಳತೆಗೋಲು. ಆಗಲೇ ಅವರ ಕಾರ್ಡ್‌ಗಳು ನೆಲೆಗೆ ಬಂದು ಕೂರದೆ, ಕೇಳಿದ ಪ್ರಶ್ನೆಯಂತೆ ಗಾಳಿಯಲ್ಲಿ ನಿಲ್ಲುತ್ತಿದ್ದವು.

ಇಂಥ ಹಾಡಿಗೆ ಪಕ್ಕವಾದ್ಯ ಹೊಂದಿಸುವುದು ರಾಕ್ ವಾದಕರಿಗೆ ಕಷ್ಟವಾಯಿತು. 1972ರ ‘ಫಾರ್ ದ ರೋಸಸ್’ನಲ್ಲಿ ಜಾಝ್ ವಾದಕ ಟಾಮ್ ಸ್ಕಾಟ್‌ರ ಊದುವಾದ್ಯಗಳು ಬಂದವು. 1974ರ ‘ಕೋರ್ಟ್ ಅಂಡ್ ಸ್ಪಾರ್ಕ್’ಗೆ ಅವರ ಎಲ್.ಎ. ಎಕ್ಸ್‌ಪ್ರೆಸ್ ತಂಡವೇ ಜೊತೆಯಾಯಿತು. ಅಮೆರಿಕದ ಪಟ್ಟಿಯಲ್ಲಿ 2ನೇ ಸ್ಥಾನಕ್ಕೇರಿದ ಈ ಆಲ್ಬಮ್ ಮುಗಿಯುವುದು ‘ಟ್ವಿಸ್ಟೆಡ್’ ಹಾಡಿನಿಂದ: ವಾರ್ಡೆಲ್ ಗ್ರೇ ಅವರ ಸ್ಯಾಕ್ಸೊಫೋನ್ ನುಡಿಸಾಣಿಕೆಗೆ ಆ್ಯನಿ ರಾಸ್ ಮಾತು ಕೂಡಿಸಿದ್ದು, ಮಿಚೆಲ್‌ಗೆ ಎಳೆಯ ವಯಸ್ಸಿನಿಂದಲೂ ಪ್ರಿಯ.

ಗೆದ್ದ ದಾರಿಯಲ್ಲೇ ಅವರು ನಿಲ್ಲಲಿಲ್ಲ. 1976ರ ‘ಹೆಜೀರಾ’ದ ಹೆಚ್ಚಿನ ಹಾಡುಗಳು ಹುಟ್ಟಿದ್ದು ಅಮೆರಿಕದ ಉದ್ದಗಲ ಕಾರು ಓಡಿಸುತ್ತ. ಮೊದಲ ಹಾಡು ‘ಕೊಯೋಟಿ’ ಕೇಳಿ: ಗಿಟಾರ್ ಹೆದ್ದಾರಿಯ ಗಾಲಿಯಂತೆ ಬಿಡದೆ ಉರುಳುತ್ತದೆ, ಅದರ ಸುತ್ತ ಜಾಕೊ ಪಾಸ್ಟೋರಿಯಸ್‌ರ ಬಾಸ್. ಆ ಬಾಸ್‌ಗೆ ಸ್ವರಸ್ಥಾನದ ಮೆಟ್ಟಿಲುಗಳಿಲ್ಲ. ನಮ್ಮ ಗೋಟುವಾದ್ಯದಂತೆ ಸ್ವರದಿಂದ ಸ್ವರಕ್ಕೆ ಜಾರುತ್ತದೆ, ತಾಳ ಕಾಯುವ ಚಾಕರಿ ಬಿಟ್ಟು ಗಾಯಕಿಯೊಡನೆ ಸಮಸಮ ಮಾತಾಡುತ್ತದೆ. ಆಲ್ಬಮ್ಮಿನ ನಾಲ್ಕೇ ಹಾಡುಗಳಲ್ಲಿ ಜಾಕೊ ಇದ್ದರೂ ನೆನಪಲ್ಲಿ ಉಳಿಯುವುದು ಆ ಜಾರು ದನಿ.

1978ರಲ್ಲಿ ಕರೆ ಬಂದದ್ದು ಜಾಝ್‌ನ ಹಿರಿಯ ಬಾಸ್ ವಾದಕ ಚಾರ್ಲ್ಸ್ ಮಿಂಗಸ್‌ರಿಂದ. ನರರೋಗ ಅವರನ್ನು ಗಾಲಿಕುರ್ಚಿಗೆ ಕಟ್ಟಿಹಾಕಿತ್ತು. ಮಿಚೆಲ್ ಮಾತು ಬರೆಯಲೆಂದು ಅವರು ಹೊಸ ರಾಗಧಾಟಿಗಳನ್ನು ಕಟ್ಟಿಕೊಟ್ಟರು. ಸ್ಯಾಕ್ಸೊಫೋನ್ ವಾದಕ ಲೆಸ್ಟರ್ ಯಂಗ್ ನೆನಪಿಗೆ ಮಿಂಗಸ್ ಹಿಂದೆ ರಚಿಸಿದ್ದ ‘ಗುಡ್‌ಬೈ ಪೋರ್ಕ್ ಪೈ ಹ್ಯಾಟ್’ಗೂ ಮಿಚೆಲ್ ಸಾಹಿತ್ಯ ಬರೆದರು. ಈ ಹಾಡುಗಳ ಆಲ್ಬಮ್ ಮುಗಿಯುವ ಮೊದಲೇ, 1979ರ ಜನವರಿ 5ರಂದು, ಮಿಂಗಸ್ ತೀರಿಕೊಂಡರು. ‘ಮಿಂಗಸ್’ ಎಂಬ ಆ ಆಲ್ಬಮ್ ಹೊರಬಂದಾಗ ಫೋಕ್ ಕೇಳುಗರು ದೂರ ಸರಿದರು, ಜಾಝ್‌ನವರೂ ಪೂರ್ತಿ ಒಪ್ಪಲಿಲ್ಲ.

ಒಪ್ಪಿಗೆ ಬಂದದ್ದು ತಡವಾಗಿ. ‘ಮಿಂಗಸ್’ನಲ್ಲಿ ಪಿಯಾನೊ ನುಡಿಸಿದ್ದ ಹರ್ಬಿ ಹ್ಯಾನ್‌ಕಾಕ್ 2007ರಲ್ಲಿ ಹೆಚ್ಚಾಗಿ ಮಿಚೆಲ್ ರಚನೆಗಳನ್ನು ನೆಚ್ಚಿ ‘ರಿವರ್: ದ ಜೋನಿ ಲೆಟರ್ಸ್’ ತಂದರು. ಮರುವರ್ಷ ಅದು ವರ್ಷದ ಆಲ್ಬಮ್ ಎಂಬ ಗ್ರ್ಯಾಮಿ ಪಡೆಯಿತು. ಜಾಝ್‌ಗೆ ಆ ಗೌರವ 1965ರ ಬಳಿಕ ದಕ್ಕಿದ್ದು ಅದೇ ಮೊದಲು. ಅದರಲ್ಲಿ ‘ಕೋರ್ಟ್ ಅಂಡ್ ಸ್ಪಾರ್ಕ್’ ಹಾಡೂ ಇದೆ. ಬಗ್ಗದ ಬೆರಳುಗಳು ಹುಡುಕಿಕೊಂಡ ಸ್ವರಜೋಡಣೆಯ ಮುಂದೆ ಈಗ ಜಾಝ್ ಪಿಯಾನೊದ ಪಳಗಿದ ಕೈ ತಡೆತಡೆದು, ಕಿವಿಗೊಟ್ಟು ನುಡಿಯುತ್ತದೆ.