ಹ್ಯಾಂಗ್ ಆದ ಪ್ರೋಗ್ರಾಂ: ವಿಂಡೋಸ್ ಕಂಪ್ಯೂಟರುಗಳಲ್ಲಿ ದೋಷ ಪತ್ತೆಯ ಇತಿಹಾಸ

ಮನೆಯ ಕಂಪ್ಯೂಟರಿನಲ್ಲಿ ಒಂದು ಪ್ರೋಗ್ರಾಂ ಕೈಕೊಟ್ಟರೆ ಇಡೀ ಯಂತ್ರವನ್ನೇ ಆರಿಸಿ ಮತ್ತೆ ಹಾಕುವುದೇ ಮೊದಮೊದಲು ಇದ್ದ ದಾರಿ. ತೊಂದರೆ ಕೊಟ್ಟದ್ದನ್ನಷ್ಟೇ ನಿಲ್ಲಿಸುವ, ಕಾರಣವನ್ನು ಹುಡುಕುವ ಸಾಧನಗಳು ನಿಧಾನವಾಗಿ ಬಂದವು.

1981ರ ಐಬಿಎಂ ಪಿಸಿಯ ತಂಡದಲ್ಲಿದ್ದ ಡೇವಿಡ್ ಬ್ರಾಡ್ಲಿ, ಮೂರು ಕೀಲಿ ಒಟ್ಟಿಗೆ ಒತ್ತಿ ಯಂತ್ರವನ್ನು ಮತ್ತೆ ಆರಂಭಿಸುವ ಕಂಟ್ರೋಲ್-ಆಲ್ಟ್-ಡಿಲೀಟ್ ಜೋಡಿಸಿದ್ದು ಸಹೋದ್ಯೋಗಿಗಳ ಅನುಕೂಲಕ್ಕಾಗಿ. ಸ್ವಿಚ್ ಆರಿಸಿ ಹಾಕಿದರೆ ಪ್ರತಿ ಸಲ ಮೆಮೊರಿ ಪರೀಕ್ಷೆ ಮುಗಿಯುವವರೆಗೆ ಕಾಯಬೇಕಿತ್ತು. ಡಿಲೀಟ್ ಜಾಗದಲ್ಲಿ ಮೊದಲು ಎಸ್ಕೇಪ್ ಇತ್ತು. ಎಡಗೈಯೊಂದರಿಂದಲೇ ತಪ್ಪಿ ಒತ್ತಿಹೋಗುತ್ತದೆಂದು ಅದನ್ನು ಬದಲಿಸಿದರು.

1992ರ ವಿಂಡೋಸ್ 3.1ರಲ್ಲಿ ಪ್ರೋಗ್ರಾಂಗಳು ತಾವಾಗಿಯೇ ಸರದಿ ಬಿಟ್ಟುಕೊಡಬೇಕಿತ್ತು. ಒಂದು ಬಿಡದಿದ್ದರೆ ಉಳಿದವೂ ನಿಲ್ಲುತ್ತಿದ್ದವು. ವಿಂಡೋಸ್ 95 ಈ ಸರದಿಯನ್ನು ತನ್ನ ಕೈಗೆ ತೆಗೆದುಕೊಂಡಿತಾದರೂ ಹಳೆಯ 16 ಬಿಟ್ ಪ್ರೋಗ್ರಾಂಗಳ ಕಾಟ ತಪ್ಪಲಿಲ್ಲ. ಅಗತ್ಯವಿದ್ದಷ್ಟೇ ಡ್ರೈವರುಗಳೊಂದಿಗೆ ಏಳುವ ಸೇಫ್ ಮೋಡ್ ಜನರಿಗೆ ಪರಿಚಯವಾದದ್ದೂ ಆಗಲೇ. 1996ರ ವಿಂಡೋಸ್ ಎನ್‌ಟಿ 4.0ರಲ್ಲಿ, ಓಡುತ್ತಿರುವ ಪ್ರೋಗ್ರಾಂಗಳನ್ನು ತೋರಿಸುವ ಟಾಸ್ಕ್ ಮ್ಯಾನೇಜರ್ ಬಂತು. ಅದರಲ್ಲಿ ಕಾಣುವ ‘ನಾಟ್ ರೆಸ್ಪಾಂಡಿಂಗ್’ ಎಂದರೆ ಪ್ರೋಗ್ರಾಂ ಸತ್ತಿದೆ ಎಂದಲ್ಲ. ಕೀಲಿ, ಮೌಸ್‌ಗಳ ಸಂದೇಶವನ್ನು ಅದರ ಕಿಟಕಿ ಸುಮಾರು 5 ಸೆಕೆಂಡು ಎತ್ತಿಕೊಂಡಿಲ್ಲ ಎಂದಷ್ಟೇ. ದೊಡ್ಡ ಫೈಲ್ ಉಳಿಸುತ್ತಿರುವಾಗಲೂ ಹೀಗಾಗುವುದುಂಟು. ‘ಎಂಡ್ ಟಾಸ್ಕ್’ ಒತ್ತುವ ಮುನ್ನ ತುಸು ಕಾದರೆ ಎಷ್ಟೋ ಕೆಲಸ ಉಳಿಯುತ್ತದೆ.

ಆ ದಶಕದ ದೊಡ್ಡ ಪೀಡೆ ಡಿಎಲ್‌ಎಲ್. ಹಲವು ಪ್ರೋಗ್ರಾಂಗಳು ಹಂಚಿಕೊಳ್ಳುವ ಇಂಥ ಫೈಲಿನ ಮೇಲೆ ಹೊಸದಾಗಿ ಹಾಕಿದ ಪ್ರೋಗ್ರಾಂ ತನ್ನ ಆವೃತ್ತಿಯನ್ನು ಬರೆದುಬಿಟ್ಟರೆ, ನಿನ್ನೆಯವರೆಗೆ ಚೆನ್ನಾಗಿದ್ದ ಇನ್ನೊಂದು ಕೆಡುತ್ತಿತ್ತು. ವಿಂಡೋಸ್ 2000 ಮುಖ್ಯ ಫೈಲುಗಳಿಗೆ ಕಾವಲು ಹಾಕಿತು. ಅದೇ ವರ್ಷದ ವಿಂಡೋಸ್ ಮಿ, ಯಂತ್ರವನ್ನು ಹಿಂದಿನ ಸ್ಥಿತಿಗೆ ಮರಳಿಸುವ ಸಿಸ್ಟಂ ರಿಸ್ಟೋರ್ ತಂದಿತು.

ಕಾರಣವನ್ನೇ ಕಣ್ಣಿಗೆ ಕಾಣಿಸಿದ ಶ್ರೇಯಸ್ಸು ಮಾರ್ಕ್ ರುಸಿನೋವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ ಅವರದು. ಅವರ ಫೈಲ್‌ಮಾನ್ ಫೈಲುಗಳನ್ನೂ ರೆಜ್‌ಮಾನ್ ವಿಂಡೋಸ್ ಸೆಟ್ಟಿಂಗುಗಳ ಕಣಜವಾದ ರಿಜಿಸ್ಟ್ರಿಯನ್ನೂ ಪ್ರೋಗ್ರಾಂ ಮುಟ್ಟಿದ ಪ್ರತಿ ಸಲ ಒಂದು ಸಾಲು ಬರೆಯುತ್ತಿದ್ದವು. ‘ನೇಮ್ ನಾಟ್ ಫೌಂಡ್’ ಎಂಬ ಸಾಲುಗಳಲ್ಲಿ ಹೆಚ್ಚಿನವು ನಿರುಪದ್ರವಿ. ಪ್ರೋಗ್ರಾಂ ಬೀಳುವ ಮುಂಚಿನ ಕೆಲವು ಸಾಲುಗಳಲ್ಲಿ ‘ಆಕ್ಸೆಸ್ ಡಿನೈಡ್’ ಕಂಡರೆ ಯಾವ ಫೋಲ್ಡರಿನ ಅನುಮತಿ ಸರಿಪಡಿಸಬೇಕೆಂಬುದು ಹಲವು ಸಲ ಅಲ್ಲೇ ಸಿಗುತ್ತದೆ. 2006ರಲ್ಲಿ ಮೈಕ್ರೋಸಾಫ್ಟ್ ಇವರ ಸಂಸ್ಥೆಯನ್ನು ಕೊಂಡಿತು. ಅದೇ ವರ್ಷ ಈ ಎರಡೂ ಸಾಧನಗಳು ಕೂಡಿ ಬಂದ ಪ್ರೋಸೆಸ್ ಮಾನಿಟರ್ ಇಂದಿಗೂ ಉಚಿತ.