ಸವಣೂರು ಸೀಮೆಯಲ್ಲಿ ಪ್ರಜಾಪದವಿ, ರಹದಾರಿ ಮತ್ತು ವಿವಾಹ

1948ರ ವರೆಗೆ ಹಾನಗಲ್ಲು, ಶಿಗ್ಗಾವಿ, ಹಿರೇಕೆರೂರುಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದುವು. ನೆರೆಯ ಸವಣೂರಾದರೋ ನವಾಬರ ಸಂಸ್ಥಾನವಾಗಿದ್ದಿತು. ಭಾಷೆ, ಸಂತೆ, ಬೀಗತನಗಳಲ್ಲಿ ಒಂದೇ ಆಗಿದ್ದ ಈ ಜನರನ್ನು ಕಾಯಿದೆಯು ಬೇರ್ಪಡಿಸಿದ್ದಿತೆಂಬುದನ್ನು ನಾವು ಗಮನಿಸಬೇಕು. 1914ರ ಬ್ರಿಟಿಷ್ ರಾಷ್ಟ್ರೀಯತಾ ಕಾಯಿದೆಯ ಮೇರೆಗೆ ಶಿಗ್ಗಾವಿಯಲ್ಲಿ ಹುಟ್ಟಿದವನು ಬ್ರಿಟಿಷ್ ಪ್ರಜೆ. ಸವಣೂರಿನ ಪ್ರಜೆ ಪರದೇಶದಲ್ಲಿ ‘ಬ್ರಿಟಿಷ್ ರಕ್ಷಿತ ವ್ಯಕ್ತಿ’ ಮಾತ್ರ. ಊರಿನಲ್ಲಿ ಅಷ್ಟಾಗಿ ತೋರದ ಈ ಭೇದವು ಹಡಗು ಹತ್ತುವವನ ರಹದಾರಿಯಲ್ಲಿ ನಮೂದಾಗುತ್ತಿದ್ದಿತು.

ವಿವಾಹದ ಪರಿಣಾಮ ಇನ್ನೂ ಗಮನಾರ್ಹವಾದುದು. ಅದೇ ಕಾಯಿದೆಯ 10ನೆಯ ಕಲಮು ಬ್ರಿಟಿಷ್ ಪ್ರಜೆಯ ಪತ್ನಿಯನ್ನು ಬ್ರಿಟಿಷ್ ಪ್ರಜೆಯೆಂದೇ ಎಣಿಸಿದ್ದಿತು. ಆದುದರಿಂದ ಸವಣೂರಿನಿಂದ ಹಾನಗಲ್ಲಿಗೆ ಸೊಸೆಯಾಗಿ ಬಂದವಳ ಪದವಿಯು, ಕಾಯಿದೆಯ ಅಕ್ಷರದಂತೆ, ಅಕ್ಕಿಕಾಳು ಬಿದ್ದೊಡನೆ ಮಾರ್ಪಡುತ್ತಿದ್ದಿತು. ಅದಕ್ಕೆ ಅವಳ ಅರ್ಜಿಯಾಗಲಿ ಒಪ್ಪಿಗೆಯಾಗಲಿ ಬೇಕಿರಲಿಲ್ಲ. ಆದರೆ ನೋಂದಣಿಯಿಲ್ಲದೆಯೂ ಸಿಂಧುವಾಗಿದ್ದ ಅಂಥ ಮದುವೆಗೆ ಪರದೇಶದಲ್ಲಿ ತೋರಿಸಲು ಕಾಗದದ ಪುರಾವೆ ಇರುತ್ತಿದ್ದುದು ವಿರಳ.

1948ರ ಮಾರ್ಚಿನಲ್ಲಿ ಸವಣೂರು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಸಂವಿಧಾನವು ಎರಡೂ ಕಡೆಯವರಿಗೆ ಒಂದೇ ನಾಗರಿಕತ್ವವನ್ನಿತ್ತಿತು. 1955ರ ನಾಗರಿಕತ್ವ ಕಾಯಿದೆಯು ಭಾರತೀಯನನ್ನು ವರಿಸಿದ ವಿದೇಶೀಯಳಿಗೂ ಅರ್ಜಿಯ ಮೂಲಕವೇ ನಾಗರಿಕತ್ವವನ್ನು ಗೊತ್ತುಪಡಿಸಿತು. 1969ರ ವಿದೇಶೀ ವಿವಾಹ ಕಾಯಿದೆಯು ಪರದೇಶದಲ್ಲಿ ವಿವಾಹಾಧಿಕಾರಿಯ ಮುಂದೆ ಮದುವೆಯಾಗಿ ಪ್ರಮಾಣಪತ್ರ ಪಡೆಯಲು ಎಡೆಮಾಡಿತು. ಹೀಗೆ ಮೌನವಾಗಿ ಬದಲಾಗುತ್ತಿದ್ದ ಪದವಿಯು ಸ್ತ್ರೀಯು ತಾನೇ ಸಹಿ ಹಾಕಿ ಕೇಳುವ ಹಕ್ಕಾಯಿತು. ಈ ಸೀಮೆಯ ಹಳೆಯ ರಹದಾರಿಗಳನ್ನು ಓದುವ ವಿದ್ಯಾರ್ಥಿಯು ಊರಿನ ಹೆಸರಿನೊಡನೆ ಇಸವಿಯನ್ನೂ ನೋಡತಕ್ಕದ್ದು.