ಯಕೃತ್ತಿನ ಆಂಜಿಯೋಸಾರ್ಕೋಮಾದ ಔಷಧ ಚಿಕಿತ್ಸೆ

ಯಕೃತ್ತಿನ ಆಂಜಿಯೋಸಾರ್ಕೋಮಾ ಎಂಬುದು ಯಕೃತ್ತಿನ ರಕ್ತನಾಳಗಳ ಒಳಪದರದ ಜೀವಕೋಶಗಳಲ್ಲಿ ಹುಟ್ಟಿ ಶೀಘ್ರವಾಗಿ ಹರಡುವ ಅಪರೂಪದ ಕ್ಯಾನ್ಸರ್. ಯಕೃತ್ತಿನಲ್ಲೇ ಆರಂಭವಾಗುವ ಕ್ಯಾನ್ಸರ್‌ಗಳಲ್ಲಿ ಇದರ ಪಾಲು ಶೇಕಡ 2ನ್ನು ಮೀರದು. ಪತ್ತೆಯಾಗುವ ವೇಳೆಗೆ ರೋಗವು ಸಾಮಾನ್ಯವಾಗಿ ಯಕೃತ್ತಿನ ಎರಡೂ ಭಾಗಗಳಿಗೆ ಹಬ್ಬಿರುವುದರಿಂದ ಶಸ್ತ್ರಚಿಕಿತ್ಸೆ ಕೆಲವರಿಗಷ್ಟೇ ಸಾಧ್ಯ. ಉಳಿದವರಿಗೆ ಔಷಧವೇ ಆಸರೆ.

ಕಾರಣಗಳು

1974ರಲ್ಲಿ ಅಮೆರಿಕದ ಲೂಯಿವಿಲ್ ನಗರದ ಪಿವಿಸಿ ಕಾರ್ಖಾನೆಯ ಕಾರ್ಮಿಕರಲ್ಲಿ ಈ ರೋಗ ಕಾಣಿಸಿಕೊಂಡು, ವಿನೈಲ್ ಕ್ಲೋರೈಡ್ ಅನಿಲದ ಅಪಾಯ ಬೆಳಕಿಗೆ ಬಂದಿತು. ಆರ್ಸೆನಿಕ್ ಹಾಗೂ ಹಿಂದೆ ಎಕ್ಸ್‌-ರೇ ತೆಗೆಯುವಾಗ ಬಳಸುತ್ತಿದ್ದ ಥೋರೋಟ್ರಾಸ್ಟ್ ಕೂಡ ಕಾರಣವೆಂದು ತಿಳಿದಿದೆ. ಬಹುಪಾಲು ರೋಗಿಗಳಲ್ಲಿ ಯಾವ ಕಾರಣವೂ ಸಿಗುವುದಿಲ್ಲ. ಮುಧೋಳ, ಜಮಖಂಡಿ, ಬೀಳಗಿ ಕಡೆಯ ಹೊಲಗಳಿಗೆ ನೀರೊಯ್ಯುವ ಪಿವಿಸಿ ಪೈಪುಗಳ ಮೂಲವಸ್ತುವೂ ಇದೇ ಅನಿಲವಾದರೂ, ಅಪಾಯ ಸಾಬೀತಾಗಿರುವುದು ಕಾರ್ಖಾನೆಯೊಳಗೆ ಅನಿಲವನ್ನು ಉಸಿರಾಡಿದವರಲ್ಲಿ.

ರೋಗದ ಗುರುತು

ಔಷಧದ ಆಯ್ಕೆಗೆ ಮುನ್ನ ಬಯಾಪ್ಸಿ ವರದಿ ಖಚಿತವಾಗಬೇಕು. ರಕ್ತನಾಳದಲ್ಲೇ ಹುಟ್ಟುವ ಎಪಿಥೆಲಿಯಾಯ್ಡ್ ಹೀಮಾಂಜಿಯೋಎಂಡೋಥೀಲಿಯೋಮಾ ಎಂಬ ಇನ್ನೊಂದು ಗೆಡ್ಡೆ ಸೂಕ್ಷ್ಮದರ್ಶಕದಡಿ ಇದನ್ನು ಹೋಲಬಹುದು. ಕ್ಯಾಮ್ಟಾ-1 ಪ್ರೋಟೀನಿನ ಪರೀಕ್ಷೆ ಅದನ್ನು ಬೇರ್ಪಡಿಸಲು ನೆರವಾಗುತ್ತದೆ. ಆ ಗೆಡ್ಡೆ ಹಲವರಲ್ಲಿ ನಿಧಾನವಾಗಿ ಬೆಳೆಯುತ್ತದೆ. ಕೆಲವರನ್ನು ಔಷಧವಿಲ್ಲದೆ ಗಮನದಲ್ಲಿಡಲಾಗುತ್ತದೆ, ಕೆಲವರಿಗೆ ಯಕೃತ್ತಿನ ಕಸಿ ಮಾಡಲಾಗುತ್ತದೆ, ಉಲ್ಬಣಿಸಿದಾಗ ಸಿರೋಲಿಮಸ್ ಕೊಡುವುದುಂಟು. ಆಂಜಿಯೋಸಾರ್ಕೋಮಾದಲ್ಲಾದರೋ ಕಸಿ ಮಾಡಿದರೂ ರೋಗ ಬೇಗ ಮರುಕಳಿಸುವುದರಿಂದ ಅದನ್ನು ಶಿಫಾರಸು ಮಾಡುವುದಿಲ್ಲ. ಎರಡರ ಹೆಸರು ಅದಲುಬದಲಾದರೆ ಚಿಕಿತ್ಸೆಯ ದಾರಿಯೇ ತಪ್ಪುತ್ತದೆ.

ಔಷಧಗಳು

ಮುಖ್ಯವಾಗಿ ಬಳಕೆಯಲ್ಲಿರುವವು ಪ್ಯಾಕ್ಲಿಟ್ಯಾಕ್ಸೆಲ್ ಮತ್ತು ಡಾಕ್ಸೋರುಬಿಸಿನ್. ಫ್ರಾನ್ಸಿನಲ್ಲಿ ನಡೆದು 2008ರಲ್ಲಿ ಪ್ರಕಟವಾದ ಆಂಜಿಯೋಟ್ಯಾಕ್ಸ್ ಅಧ್ಯಯನದಲ್ಲಿ ದೇಹದ ವಿವಿಧ ಭಾಗಗಳ ಆಂಜಿಯೋಸಾರ್ಕೋಮಾ ಇದ್ದ 30 ಮಂದಿಗೆ ವಾರಕ್ಕೊಮ್ಮೆ ಪ್ಯಾಕ್ಲಿಟ್ಯಾಕ್ಸೆಲ್ ನೀಡಲಾಯಿತು. ಹಲವರಲ್ಲಿ ರೋಗ ಕೆಲ ತಿಂಗಳು ಹತೋಟಿಯಲ್ಲಿತ್ತು. ಯಕೃತ್ತಿನ ರೋಗಕ್ಕಷ್ಟೇ ಸೀಮಿತವಾದ ದೊಡ್ಡ ಅಧ್ಯಯನ ನಡೆಸುವಷ್ಟು ರೋಗಿಗಳು ಒಂದೆಡೆ ದೊರೆಯುವುದು ಕಷ್ಟ. ಜೆಮ್ಸಿಟಾಬಿನ್ ಮತ್ತು ಡೋಸಿಟ್ಯಾಕ್ಸೆಲ್ ಜೋಡಿ ಹಾಗೂ ಪ್ಯಾಜೋಪನಿಬ್ ಮಾತ್ರೆ ನಂತರದ ಆಯ್ಕೆಗಳು. ಯಾವ ಔಷಧವೂ ರೋಗವನ್ನು ಪೂರ್ಣವಾಗಿ ಗುಣಪಡಿಸುವುದು ಅತಿ ವಿರಳ.

ಈ ಔಷಧಗಳಲ್ಲಿ ಹೆಚ್ಚಿನವು ಯಕೃತ್ತಿನ ಮೂಲಕವೇ ವಿಸರ್ಜನೆಯಾಗುತ್ತವೆ. ಆದ್ದರಿಂದ ಕಾಮಾಲೆ ಇದ್ದಾಗ ಪ್ರಮಾಣವನ್ನು ತಗ್ಗಿಸಬೇಕಾಗುತ್ತದೆ ಅಥವಾ ಚಿಕಿತ್ಸೆಯನ್ನೇ ತಡೆಹಿಡಿಯಬೇಕಾಗುತ್ತದೆ. ಡಾಕ್ಸೋರುಬಿಸಿನ್ ಹೃದಯವನ್ನು ದುರ್ಬಲಗೊಳಿಸಬಹುದು. ಪ್ಯಾಕ್ಲಿಟ್ಯಾಕ್ಸೆಲ್‌ನಿಂದ ಕೈಕಾಲು ಬೆರಳುಗಳಿಗೆ ಜೋಮು ಹಿಡಿಯುತ್ತದೆ. ಬೆರಳ ತುದಿಯ ಸ್ಪರ್ಶದಿಂದಲೇ ಎಳೆ ಹುಡುಕಿ ಗಂಟು ಹಾಕುವ ರಬಕವಿ-ಬನಹಟ್ಟಿಯ ನೇಕಾರರಿಗೆ ಇದು ಸಣ್ಣ ತೊಂದರೆಯಲ್ಲ.

ಚಿಕಿತ್ಸಾ ಕೇಂದ್ರಗಳು

ಈ ನಾಲ್ಕೂ ಊರುಗಳ ಕ್ಯಾನ್ಸರ್ ರೋಗಿಗಳು ಹುಬ್ಬಳ್ಳಿಯ ನವನಗರದ ಕರ್ನಾಟಕ ಕ್ಯಾನ್ಸರ್ ಚಿಕಿತ್ಸೆ ಮತ್ತು ಸಂಶೋಧನಾ ಸಂಸ್ಥೆ, ಬೆಳಗಾವಿ, ಮಿರಜ್ ಅಥವಾ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋಗಬಹುದು. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಪ್ಯಾಕ್ಲಿಟ್ಯಾಕ್ಸೆಲ್‌ಗೆ ತಿಂಗಳಿಗೆ ಮೂರು ಬಾರಿ ಆಸ್ಪತ್ರೆಗೆ ಹೋಗಬೇಕಾಗುತ್ತದೆ, ಡಾಕ್ಸೋರುಬಿಸಿನ್‌ಗೆ ಸಾಮಾನ್ಯವಾಗಿ ಮೂರು ವಾರಕ್ಕೊಮ್ಮೆ. ನಿಶ್ಶಕ್ತ ರೋಗಿಯ ಮಟ್ಟಿಗೆ ಔಷಧದ ಆಯ್ಕೆಯಲ್ಲಿ ಈ ಪ್ರಯಾಣವೂ ಲೆಕ್ಕಕ್ಕೆ ಬರುತ್ತದೆ.